ಕಣ್ಣಿಗೆ ಕೇಳಿಸುವ ಅಕ್ಷರ

ಶಬ್ದಗ್ರಹಣವು ಕೇವಲ ಕರ್ಣೇಂದ್ರಿಯದ ವ್ಯಾಪಾರವೆಂದು ನಾವು ಸಹಜವಾಗಿಯೇ ಭಾವಿಸಿಕೊಂಡಿರುವೆವಾದರೂ, ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1976ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಆ ನಂಬಿಕೆಯನ್ನು ಬುಡಸಹಿತ ಅಲುಗಿಸಿತು. ‘ಗ’ ಎಂದು ಉಚ್ಚರಿಸುವ ಮುಖದ ಚಲಚ್ಚಿತ್ರಕ್ಕೆ ‘ಬ’ ಎಂಬ ಧ್ವನಿಯನ್ನು ಜೋಡಿಸಿ ತೋರಿಸಲು, ನೋಡಿದ ವಯಸ್ಕರಲ್ಲಿ ಬಹುಮಂದಿಗೆ ಕೇಳಿಸಿದುದು ಇವೆರಡೂ ಅಲ್ಲದ, ಯಾರೂ ನುಡಿಯದಿದ್ದ ‘ದ’! ತುಟಿಗೂ ಕಂಠಕ್ಕೂ ನಡುವಣ ಸ್ಥಾನದಲ್ಲಿ ಹುಟ್ಟುವ ಈ ವರ್ಣವನ್ನೇ ಮಿದುಳು, ಕಣ್ಣುಕಿವಿಗಳ ವ್ಯಾಜ್ಯವನ್ನು ಬಗೆಹರಿಸುವ ರಾಜಿಸೂತ್ರವೆಂಬಂತೆ ಆರಿಸಿಕೊಂಡಿತು. ವರ್ಣಗಳನ್ನು ಉಚ್ಚಾರಣಸ್ಥಾನದಿಂದ ವಿಂಗಡಿಸಿದ ನಮ್ಮ ಪ್ರಾಚೀನ ವೈಯಾಕರಣರು ಇದನ್ನು ಕೇಳಿದ್ದರೆ ನಿಶ್ಚಯವಾಗಿಯೂ ತಲೆದೂಗುತ್ತಿದ್ದರು. ಕಣ್ಣು ಮುಚ್ಚಿದೊಡನೆ ‘ಬ’ ಮರಳುತ್ತದೆ, ತೆರೆದೊಡನೆ ಮತ್ತೆ ‘ದ’ವೇ ಕೇಳುತ್ತದೆ, ಮರ್ಮವನ್ನು ಬಲ್ಲವರಿಗೂ, ಬಲ್ಲೆವೆಂಬ ಮಾತ್ರಕ್ಕೆ, ಈ ಭ್ರಮೆಯಿಂದ ಬಿಡುಗಡೆಯಿಲ್ಲ.