ಹಿಕ್ಸ್‌ವಿಲ್‌ನಿಂದ ಅಜ್ಜಿಗೊಂದು ಉದ್ದದ ಫೋಟೊ

ದಿನಸಿಗೆಂದು ಸೌತ್ ಬ್ರಾಡ್‌ವೇಗೆ ನೀವೂ ಹೋಗುತ್ತಿರಬಹುದು. ಮುಂದಿನ ಸಲ ಅಕ್ಕಿ, ಕರಿಬೇವು ಕಾರಿಗೆ ಹಾಕಿದ ಮೇಲೆ ಮಕ್ಕಳನ್ನು ಹಿಕ್ಸ್‌ವಿಲ್ ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋಗಿ. 1837ರಲ್ಲೇ ರೈಲು ಬಂದ ಊರಿದು. ಲಾಂಗ್ ಐಲ್ಯಾಂಡ್ ರೈಲ್‌ರೋಡಿನ ಅಧ್ಯಕ್ಷರಾಗಿದ್ದ ವ್ಯಾಲೆಂಟೈನ್ ಹಿಕ್ಸ್ ಅವರ ಹೆಸರೇ ಊರಿಗೂ ಬಂದಿದೆ. ಪ್ಲಾಟ್‌ಫಾರ್ಮ್ ಎತ್ತರದಲ್ಲಿದೆ, ಊರು ಕಾಣುತ್ತದೆ.

ಮೊಣಕಾಲು ನೋವಿನಿಂದ ಇನ್ನು ವಿಮಾನ ಹತ್ತಲಾರೆ ಎಂದ ಮೈಸೂರಿನ ಅಜ್ಜಿಗಾಗಿ ನಮ್ಮ ಮಗಳು ಅಲ್ಲಿ ಏಳು ಫೋಟೊ ತೆಗೆದಳು. ಹಳದಿ ಗೆರೆಯಿಂದ ದೂರ ನಿಂತು, ಫೋನನ್ನು ನೆಟ್ಟಗೆ ಹಿಡಿದು, ಪ್ರತಿ ಫೋಟೊದಲ್ಲೂ ಹಿಂದಿನದರ ಮೂರನೇ ಒಂದು ಭಾಗ ಬರುವಂತೆ. ಇಷ್ಟು ಅವಳು ಸರಿಯಾಗಿಯೇ ಮಾಡಿದ್ದಳು. ಕೆಡಿಸಿದ್ದು ನಾನು.

ಮೆಸೇಜಿನಲ್ಲಿ ಕಳಿಸಿಕೊಂಡ ಫೋಟೊಗಳಲ್ಲಿ ಲೆನ್ಸಿನ ವಿವರ ಉಳಿದಿರಲಿಲ್ಲ. ಹಾಗಾಗಿ ಫೋಟೊ ಜೋಡಿಸುವ ಉಚಿತ ತಂತ್ರಾಂಶ ಹುಗಿನ್ ನನ್ನನ್ನೇ ಕೇಳಿತು. ಫೋಕಲ್ ಲೆಂಗ್ತ್ 26 ಎಂದು ತುಂಬಿದೆ, ಕ್ರಾಪ್ ಫ್ಯಾಕ್ಟರ್ 6 ಎಂದು. ಫೋನಿನವರು ಹೇಳುವ 26 ಎಂಬುದು ಆಗಲೇ 35 ಎಂಎಂ ಕ್ಯಾಮೆರಾದ ಲೆಕ್ಕಕ್ಕೆ ಬದಲಿಸಿದ ಸಂಖ್ಯೆ. ಅದರ ಜೊತೆ ಕ್ರಾಪ್ ಫ್ಯಾಕ್ಟರ್ 1 ಎಂದೇ ಹಾಕಬೇಕು. ನನ್ನ ಲೆಕ್ಕದಿಂದ ಒಂದೊಂದು ಫೋಟೊ ಹದಿನೈದು ಡಿಗ್ರಿಯೂ ಇಲ್ಲವೆಂದು ಹುಗಿನ್ ನಂಬಿತು, ಹಳಿಗಳು ಜೋಡಣೆಯಲ್ಲಿ ತುಂಡಾದವು. ಅಂಥ ಫೋನನ್ನು ಅಡ್ಡ ಹಿಡಿದರೆ ಫೋಟೊದ ಅಗಲ ಸುಮಾರು 67 ಡಿಗ್ರಿ, ನೆಟ್ಟಗೆ ಹಿಡಿದರೆ ಸುಮಾರು 53. ನೀವು ನೇರವಾಗಿ ಡಿಗ್ರಿ ತುಂಬುವುದಾದರೆ ಈ ವ್ಯತ್ಯಾಸ ಮರೆಯಬೇಡಿ. 53 ಹಾಕಿದೆ, ಹಳಿ ಕೂಡಿತು. ಹತ್ತಿರದ ಕಂಬಿ ಮಾತ್ರ ಎರಡೆರಡಾಗಿ ಕಂಡಿತು. ಫೋನ್ ಇದ್ದಲ್ಲೇ ತಿರುಗದೆ, ನಮ್ಮ ಮೈ ಸುತ್ತ ತೋಳಿನುದ್ದದಲ್ಲಿ ಸುತ್ತಿದರೆ ಹೀಗಾಗುತ್ತದೆ. ಅದನ್ನು ಯಾವ ಸಂಖ್ಯೆಯೂ ಸರಿಪಡಿಸದು.

ವಿಡಿಯೊ ಕಾಲ್‌ನಲ್ಲಿ ಮಗಳು ಇದನ್ನೆಲ್ಲ ಕನ್ನಡದಲ್ಲಿ ಹೇಳಬೇಕಿತ್ತು. "ಅಪ್ಪನ ದೃಷ್ಟಿಕೋನ ತಪ್ಪಿತ್ತಜ್ಜಿ" ಎಂದಳು.

"ಯಾವ ವಿಷಯದಲ್ಲೇ?" ಎಂದರು ಅಮ್ಮ.

ಆ ಪದಕ್ಕೆ ಅಭಿಪ್ರಾಯ ಎಂಬ ಅರ್ಥವೂ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎರಡೂ ಕೈ ಕಣ್ಣ ಪಕ್ಕ ಇಟ್ಟು, ಅಗಲಿಸಿ ತೋರಿಸಿದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಫೋಟೊದ ಈ ತುದಿಯಿಂದ ಆ ತುದಿಗೆ ನೋಡಿದರು.

"ಚೆನ್ನಾಗಿದೆ ಪುಟ್ಟಿ. ನಿನ್ನ ಬೆನ್ನ ಹಿಂದೆ ಏನಿತ್ತು?"

ಪೂರ್ತಿ ಸುತ್ತಿಗೆ ಹನ್ನೊಂದು ಫೋಟೊ ಬೇಕಂತೆ. ಶನಿವಾರ ಮತ್ತೆ ಹೋಗುತ್ತಿದ್ದೇವೆ.