ಅತ್ತೆಯ ಚೆನ್ನೆಮಣೆಗೆ ಯಾವ ಪಾಲಿಶ್?

ಆಟಿ ತಿಂಗಳೆಂದರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹೊರಗೆ ಬಿಡದ ಮಳೆ, ಒಳಗೆ ಚೆನ್ನೆಮಣೆ. ಕಾಣದ ಸಹೋದರಿಯರಿಗೆ ಹೇಳುತ್ತೇನೆ: ಮರದ ಮಣೆಯಲ್ಲಿ ಏಳೇಳರಂತೆ ಎರಡು ಸಾಲು ಗುಳಿ, ಗುಳಿಗೆ ನಾಲ್ಕರಂತೆ 56 ಕೆಂಪು ಮಂಜೊಟ್ಟಿ ಕಾಯಿ. ಆಟಿ ಕಳೆದ ಮೇಲೆ ಮಣೆ ಅಟ್ಟ ಸೇರಬೇಕು, ಮತ್ತೆ ಆಡಬಾರದು ಎಂಬುದು ನಮ್ಮ ಹಿರಿಯರ ಕಟ್ಟು.

ಕಡಬದ ಮನೆಯಲ್ಲಿ ಅತ್ತೆಯದ್ದೊಂದು ಹಲಸಿನ ಮರದ ಮಣೆ ಉಂಟು. ಒಂದು ಮೂಲೆಗೆ ಹುಳ ಹಿಡಿದಿತ್ತು. ಎರಡು ವರ್ಷದ ಹಿಂದೆ ಆಚಾರಿಯವರಿಂದ ಅಲ್ಲಿಗೆ ಬೇರೆ ತುಂಡು ಕೂರಿಸಿ, ಅತ್ತೆಗೆ ಖುಷಿಯಾಗಲಿ ಎಂದು ಪಳಪಳ ಹೊಳೆಯುವ ವಾರ್ನಿಶ್ ತಂದು ನಾನೇ ಬಳಿದೆ. ಅದೂ ಜುಲೈಯ ಜಡಿಮಳೆಯಲ್ಲಿ! ಗುಳಿಯಲ್ಲಿ ವಾರ್ನಿಶ್ ಮಡುಗಟ್ಟಿ ವಾರವಾದರೂ ಅಂಟು ಹೋಗಲಿಲ್ಲ. ಒಣಗಿದ ಮೇಲೆ ಗಾಜಿನ ಹಾಗೆ ನುಣುಪು. ಅತ್ತೆಗೆ ಕಣ್ಣು ಮಂಜು, ಬೆರಳಿನಲ್ಲೇ ಕಾಯಿ ಎಣಿಸುವವರು. ಕೈಯಾಡಿಸಿ, "ಇದು ಯಾರ ಮನೆಯ ಮಣೆ ಮಾರಾಯ್ತಿ?" ಎಂದು ಬದಿಗಿಟ್ಟರು. ಆ ಆಟಿಯಿಡೀ ಅವರು ಆಡಲೇ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಳೆದ ಮಾರ್ಚ್‌ನಲ್ಲಿ, ಬಿಸಿಲಿರುವಾಗಲೇ, ಅದನ್ನೆಲ್ಲ ಕೆರೆದು ಮರಳುಕಾಗದದಲ್ಲಿ ಉಜ್ಜಿದೆ. ಮತ್ತೆ ಏನು ಹಚ್ಚುವುದು? ಹುಳಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆಯಷ್ಟು ಒಳ್ಳೆಯದು ಬೇರಿಲ್ಲ ಎಂದರು ನಮ್ಮವರು. ಆದರೆ ಅದು ಮರವನ್ನು ಕಪ್ಪು ಮಾಡ್ತದೆ, ಚರ್ಮ ಸುಡ್ತದೆ. ಮಾಡಿನ ಪಕ್ಕಾಸಿಗೆ ಸರಿ, ಕೈಯಾಡುವ ಮಣೆಗಲ್ಲ. ತೆಂಗಿನೆಣ್ಣೆ ಒಣಗುವ ಜಾತಿಯದ್ದಲ್ಲ, ಧೂಳು ಹಿಡಿದು ಕಮಟುತ್ತದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್ ಹಲಸಿನ ಹಳದಿಯನ್ನು ಚೆಂದ ಕಾಣಿಸುತ್ತದೆ, ತೆಳುವಾಗಿಯೂ ಕೂರುತ್ತದೆ. ಥಂಡಿ ಗಾಳಿಯಲ್ಲಿ ಹಚ್ಚಿದರೆ ಮಾತ್ರ ಬಿಳಿ ಮಂಜು ಕವಿದ ಹಾಗೆ ಆಗ್ತದೆ.

ಕೊನೆಗೆ ಮೇಲ್ಮೈಗೆ ಅದನ್ನೇ ಬಟ್ಟೆಯಲ್ಲಿ ಮೂರು ತೆಳು ಸಲ ಒರೆಸಿದೆ. ಗುಳಿಗಳಿಗೆ ಪಾಲಿಶ್ ಬೇಡವೆಂದು, ಒಂದು ಪಾಲು ಜೇನುಮೇಣವನ್ನು ನಾಲ್ಕು ಪಾಲು ಅಗಸೆ ಎಣ್ಣೆಯಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಆರಿದ ಮೇಲೆ ಬೆರಳಲ್ಲಿ ತಿಕ್ಕಿ, ಹೆಚ್ಚಾದ್ದನ್ನು ಒರೆಸಿ ತೆಗೆದೆ. ಎರಡು ವಾರ ಗಾಳಿಗಿಟ್ಟೆ. (ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತನ್ನಷ್ಟಕ್ಕೇ ಬೆಂಕಿ ಹತ್ತುವುದುಂಟು. ನೀರಿನಲ್ಲಿ ಅದ್ದಿ, ಬಿಡಿಸಿ ಒಣಗಿಸಿ.)

"ಒಂದಾಟ ಆಡಿ ನೋಡ್ತೀರಾ ಅತ್ತೆ?" ಎಂದೆ.

"ಆಟಿ ಬರ್ಲಿ," ಎಂದರು, ಮುಟ್ಟಲೂ ಇಲ್ಲ. ನಾಲ್ಕು ತಿಂಗಳು ನನಗೆ ಒಳಗೊಳಗೇ ಪುಕಪುಕ.

ಆಟಿಯ ಮೊದಲ ಮಧ್ಯಾಹ್ನ ಮಗಳು ಮಣೆ ಇಳಿಸಿ ಕಾಯಿ ತುಂಬಿದಳು. ನಾನು ಅಡುಗೆಮನೆಯಲ್ಲಿ ಪತ್ರೊಡೆಗೆ ಅಕ್ಕಿ ಕಡೆಯುತ್ತಾ ಕಿವಿ ಅಲ್ಲೇ ಇಟ್ಟಿದ್ದೆ. ಅತ್ತೆ ಒಂದೊಂದೇ ಗುಳಿಗೆ ಬೆರಳಿಳಿಸುತ್ತಾ ಹೋದರು. ಹೊಸ ತುಂಡಿನ ಮೂಲೆಯಲ್ಲಿ ಸ್ವಲ್ಪ ತಡೆದರು. ಮತ್ತೆ ಮುಂದೆ ಹೋದರು.

"ಐವತ್ತೈದೇ ಉಂಟಲ್ಲ? ಒಂದು ಎಲ್ಲಿ ಬೀಳಿಸಿದೆ ಮಗಾ?"

ಚಾಪೆಯ ಅಡಿಯಲ್ಲಿ ಸಿಕ್ಕಿತು. ಆ ದಿನ ಮಗಳು ಮೂರಾಟ ಸೋತಳು.