ಮೆಟ್ಟುಕತ್ತಿಯ ಅಪವಾದ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ, ಈಗ ರಾಮಕುಂಜದ ಮನೆಯಲ್ಲಿ ಅಡಿಕೆತೋಟ ನೋಡಿಕೊಂಡಿರುವ ನನ್ನಂಥ ಉಪಾಧ್ಯಾಯನು, ಗರ್ಭಸ್ಥ ಶಿಶುವಿನ ಮೆದುಳು ಬೆಳೆಯುವ ಬಗೆಯನ್ನು ಕುರಿತು ಬರೆಯಹೊರಟರೆ ವಾಚಕರಿಗೆ ನಗು ಬಂದೀತು. ಆದರೂ ಬರೆಯಬೇಕಾಗಿದೆ. ಈ ವಿಚಾರವು ತಿಳಿಯದಿದ್ದುದರಿಂದ ನಮ್ಮ ಮನೆಯಲ್ಲಿ ಒಬ್ಬ ನಿರಪರಾಧಿಯು ಇಪ್ಪತ್ತೊಂಬತ್ತು ವರ್ಷ ಶಿಕ್ಷೆಯನ್ನನುಭವಿಸಿದಳು. ಅದನ್ನು ಕಂಡೂ ಸುಮ್ಮನಿದ್ದವನು ನಾನು.

1995ನೆಯ ಇಸವಿ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆಯಲ್ಲಿ, ಸೂರ್ಯಗ್ರಹಣವಾಯಿತು. ಉತ್ತರದೇಶದಲ್ಲಿ ಖಗ್ರಾಸವಾಗಿದ್ದ ಆ ಗ್ರಹಣವು ನಮ್ಮ ಕಡೆ ಬೆಳಗಿನ ಹೊತ್ತಿನಲ್ಲಿ ಖಂಡಗ್ರಾಸವಾಗಿತ್ತು. ಆಗ ನನ್ನ ಗೃಹಿಣಿಯು ಐದು ತಿಂಗಳ ಚೊಚ್ಚಲ ಗರ್ಭಿಣಿ. ನನ್ನ ತಂದೆಯವರಿಗೆ ಸಕ್ಕರೆ ಕಾಯಿಲೆ. ಹಸಿವು ತಡೆಯಲಾರದೆ ಅವರ ಕೈ ನಡುಗತೊಡಗಿದುದನ್ನು ಕಂಡು, ಗ್ರಹಣ ಬಿಡುವ ಮೊದಲೇ ಅವಳು ಗಂಜಿ ಬಡಿಸಲುದ್ಯುಕ್ತಳಾಗಿ, ಮೆಟ್ಟುಕತ್ತಿಯ ಮುಂದೆ ಕುಳಿತು ಒಂದು ಸೌತೆಕಾಯಿಯನ್ನು ಹೆಚ್ಚಿದಳು. ಅಷ್ಟೇ ನಡೆದದ್ದು.

1996ರ ಫೆಬ್ರವರಿಯಲ್ಲಿ ಗಂಡುಮಗು ಹುಟ್ಟಿತು. ಅದರ ಬೆನ್ನಹುರಿಯು ಕೆಳಭಾಗದಲ್ಲಿ ಮುಚ್ಚಿರಲಿಲ್ಲ. ಹನ್ನೊಂದು ದಿವಸ ಬದುಕಿತ್ತು. ಮನೆಯ ಹಿರಿಯರು ಆ ಗಾಯವನ್ನು ನೋಡಿ, ಮೆಟ್ಟುಕತ್ತಿಯನ್ನು ನೆನೆದರು. ಒಬ್ಬರು ಹೇಳಿದುದನ್ನು ಮತ್ತೊಬ್ಬರು ಹೇಳಿದರು. ಸಂಸ್ಕೃತ ಬಲ್ಲವನೆಂದು ನನ್ನನ್ನೇ ಕೇಳಿದವರೂ ಉಂಟು. ಆಗ ನಾನು, “ಗ್ರಹಣದ ವಿಷಯದಲ್ಲಿ ಎಚ್ಚರದಿಂದಿರಬೇಕಾಗಿತ್ತು” ಎಂದೆನು. ಆ ಒಂದು ಮಾತು ಅವಳ ಕಿವಿಗೆ ಬಿದ್ದಿತ್ತು. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯಲ್ಲಿ ಸೂರ್ಯನು ಕಂಕಣದಂತೆ ಕಂಡಾಗ ಊರೆಲ್ಲ ಅಂಗಳದಲ್ಲಿ ನೆರೆದಿದ್ದರೆ, ಐವತ್ತು ದಾಟಿದ ಅವಳು ಕತ್ತಲೆಕೋಣೆಯಲ್ಲಿ ಕೈಕಟ್ಟಿ ಕುಳಿತು ಅಳುತ್ತಿದ್ದಳು.

2025ರ ಬೇಸಗೆಯ ರಜೆಯಲ್ಲಿ, ಬೆಂಗಳೂರಿನಲ್ಲಿ ಜೀವಶಾಸ್ತ್ರ ಬೋಧಿಸುವ ನಮ್ಮ ಮಗಳು ಮನೆಗೆ ಬಂದಿದ್ದಳು. ಒಂದು ಸಂಜೆ ಜಗಲಿಯಲ್ಲಿ ಕುಳಿತು ನಾನು ಅವಳಿಗೆ ಸುಶ್ರುತಸಂಹಿತೆಯ ಶಾರೀರಸ್ಥಾನದ ಒಂದು ಚರ್ಚೆಯನ್ನು ಹೇಳುತ್ತಿದ್ದೆನು. ಗರ್ಭದಲ್ಲಿ ಮೊದಲು ಹುಟ್ಟುವ ಅಂಗ ಯಾವುದು? ಶೌನಕನು ಶಿರಸ್ಸೆನ್ನುತ್ತಾನೆ, ಕೃತವೀರ್ಯನು ಹೃದಯವೆನ್ನುತ್ತಾನೆ, ಪರಾಶರಪುತ್ರನು ನಾಭಿಯೆನ್ನುತ್ತಾನೆ. ಧನ್ವಂತರಿಯಾದರೋ ಎಲ್ಲವೂ ಒಮ್ಮೆಗೇ ಹುಟ್ಟುತ್ತವೆ, ಮಾವಿನ ಮಿಡಿಯಲ್ಲಿ ನಾರು, ಗೊರಟು, ತಿರುಳುಗಳು ಸೂಕ್ಷ್ಮವಾಗಿರುವುದರಿಂದ ಕಾಣಿಸವು ಎಂದು ತೀರ್ಪು ಕೊಡುತ್ತಾನೆ.

ಮಗಳು ನಕ್ಕು, “ಅಪ್ಪಾ, ಆ ಚರ್ಚೆ ಈಗಲೂ ಮುಗಿದಿಲ್ಲ” ಎಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಡಾ. ಶುಭಾ ತೋಳೆಯವರ ಕಾರ್ಯವನ್ನು ವಿವರಿಸಿದಳು. ಬೆಂಗಳೂರಿನ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನವು 2014ರಲ್ಲಿ ಪ್ರಶಸ್ತಿಯಿತ್ತು ಗೌರವಿಸಿದ ವಿದುಷಿ ಇವರು. ಇಲಿಯ ಭ್ರೂಣದ ಮೆದುಳು ಬೆಳೆಯುವಾಗ, ಅದರ ಮೇಲ್ಪದರದ ಅಂಚಿನಲ್ಲಿ ಒಂದು ಸಣ್ಣ ಜೀವಕೋಶಸಮೂಹವಿರುತ್ತದೆ. ಅದು ನೆರೆಯ ಕೋಶಗಳಿಗೆ ಸಂಕೇತವಿತ್ತು, ಸ್ಮೃತಿಗೆ ಆಧಾರವಾದ ಹಿಪೋಕ್ಯಾಂಪಸ್ ಎಂಬ ಭಾಗವನ್ನು ಕಟ್ಟಿಸುತ್ತದೆ. ಮದುವೆಮನೆಯಲ್ಲಿ ಹಿರಿಯರೊಬ್ಬರು ನಿಂತು ಯಾರಿಗೆ ಯಾವ ಕೆಲಸವೆಂದು ಹೇಳುವಂತೆ. ಉಳಿದ ಕೋಶಗಳು ತಾವೂ ಯಜಮಾನರಾಗಿಬಿಡದಂತೆ ತಡೆಯುವುದು ಎಲ್‌ಎಚ್‌ಎಕ್ಸ್ 2 ಎಂಬ ಜೀನು. ಆ ಜೀನು ಇಲ್ಲದ ಕೋಶಗಳು ಹೊಸ ಯಜಮಾನರಾಗಿ, ಇರಬಾರದ ಸ್ಥಳಗಳಲ್ಲಿ ತಮ್ಮ ಸುತ್ತ ಹಿಪೋಕ್ಯಾಂಪಸ್ಸುಗಳನ್ನು ಕಟ್ಟಿಸಿದುದನ್ನು ಇವರ ತಂಡವು 2008ರಲ್ಲಿ ಪ್ರಕಟಿಸಿತು.

ಇದರಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಕಾಲದ ಮಾತು. ಆ ಜೀನನ್ನು ಅತ್ಯಂತ ಮೊದಲಲ್ಲಿ ತೆಗೆದರೆ ಮಾತ್ರ ಹಾಗಾಗುವುದು. ಸ್ವಲ್ಪ ಕಾಲ ಕಳೆದ ಮೇಲೆ ತೆಗೆದರೆ ಆ ಫಲವು ಬಾರದು. ಕೋಶಗಳು ಅಷ್ಟರಲ್ಲಿ ತಮ್ಮ ದಾರಿಯನ್ನು ನಿಶ್ಚಯಿಸಿಕೊಂಡಿರುತ್ತವೆ. ಹಾಗಾದರೆ ಬೆನ್ನಹುರಿಗೂ ಇಂಥ ಒಂದು ಮುಹೂರ್ತವಿರಬೇಕಲ್ಲವೇ ಎಂದು ಕೇಳಿದೆನು.

ಮಗಳು ಅಂಗಳದಲ್ಲಿ ಬಿದ್ದಿದ್ದ ಅಡಿಕೆಹಾಳೆಯನ್ನು ತೋರಿಸಿದಳು. ಬಿಸಿಲಿಗೆ ಒಣಗಿದ ಹಾಳೆಯ ಎರಡು ಅಂಚುಗಳು ಸುರುಳಿಗೊಂಡು ಒಂದನ್ನೊಂದು ಮುಟ್ಟಿ ಕೊಳವೆಯಂತಾಗುವುದನ್ನು ನಮ್ಮ ಕಡೆಯವರೆಲ್ಲ ಕಂಡಿರುತ್ತೇವೆ. ಭ್ರೂಣದ ಬೆನ್ನಿನಲ್ಲಿಯೂ ಕೋಶಗಳ ಒಂದು ತೆಳು ಹಾಳೆಯು ಹೀಗೆಯೇ ಮಡಚಿ, ಅಂಚುಗಳು ಬೆಸೆದು, ನಾಳವಾಗುತ್ತದೆ. ಮೇಲ್ತುದಿಯು ಉಬ್ಬಿ ಮೆದುಳಾಗುವುದು, ಉಳಿದದ್ದು ಬೆನ್ನಹುರಿಯಾಗುವುದು. ಅಂಚುಗಳು ಸೇರದೆಹೋದಲ್ಲಿ ನಮ್ಮ ಮಗುವಿಗಾದ ಗತಿ. ಮನುಷ್ಯರಲ್ಲಿ ಈ ಕಾರ್ಯವು ಗರ್ಭಧಾರಣೆಯಾದ ಸುಮಾರು 28ನೆಯ ದಿನಕ್ಕೆ ಮುಗಿದಿರುತ್ತದೆ; ಅನೇಕ ತಾಯಂದಿರಿಗೆ ತಾವು ಗರ್ಭಿಣಿಯೆಂಬುದೇ ಆಗಿನ್ನೂ ತಿಳಿದಿರುವುದಿಲ್ಲ.

ನಾನು ಪಂಚಾಂಗದವನಂತೆ ಲೆಕ್ಕ ಹಾಕಿದೆನು. ನಮ್ಮ ಮಗುವಿನ ಬೆನ್ನಹುರಿಯ ಹಣೆಬರಹವು 1995ರ ಜೂನ್ ತಿಂಗಳಲ್ಲಿ, ಜ್ಯೇಷ್ಠಮಾಸದಲ್ಲಿಯೇ ಮುಗಿದಿತ್ತು. ಗ್ರಹಣವಾದದ್ದು ಆಶ್ವಯುಜದ ಅಮಾವಾಸ್ಯೆಗೆ. ನಾಲ್ಕು ತಿಂಗಳ ಹಿಂದೆ ಆಗಿಹೋದುದನ್ನು ಆ ದಿನದ ಮೆಟ್ಟುಕತ್ತಿಯು ಮಾಡುವುದೆಂತು? ಕಾರಣವು ಕಾರ್ಯಕ್ಕೆ ಮೊದಲಿರಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಅದನ್ನು ಓದಿದ್ದ ನಾನು, ಬೇಕಾದ ಹೊತ್ತಿನಲ್ಲಿ ಮರೆತಿದ್ದೆನು.

ಹಾಗಾದರೆ ಕಾರಣವೇನು? ಅದು ಒಂದೇ ಅಲ್ಲ; ವಂಶದಿಂದ ಬಂದ ಅಂಶಗಳೂ ಉಂಟು, ಪೋಷಣೆಯ ಅಂಶಗಳೂ ಉಂಟು. ಸೊಪ್ಪು, ಬೇಳೆಕಾಳುಗಳಲ್ಲಿರುವ ಫೋಲೇಟ್ ಎಂಬ ಜೀವಸತ್ವವು ಹೊಸ ಕೋಶಗಳ ನಿರ್ಮಾಣಕ್ಕೆ ಬೇಕು. ಹಿಂದೆ ಇಂಥ ಶಿಶುವನ್ನು ಹೆತ್ತಿದ್ದ ಸ್ತ್ರೀಯರಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟರೆ ಈ ದೋಷವು ನೂರಕ್ಕೆ 72ರಷ್ಟು ಕಡಿಮೆಯಾಗುವುದೆಂದು, ಏಳು ದೇಶಗಳ 1,817 ಸ್ತ್ರೀಯರಲ್ಲಿ ನಡೆದ ಪರೀಕ್ಷೆಯೊಂದು 1991ರಲ್ಲಿಯೇ ತೋರಿಸಿತ್ತು. ಈಗ ಗರ್ಭವನ್ನು ಬಯಸುವ ಎಲ್ಲ ಸ್ತ್ರೀಯರೂ ಆಗಿನಿಂದಲೇ ತೊಡಗಿ ಹನ್ನೆರಡು ವಾರಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಮ್ ತೆಗೆದುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹಿಂದೆ ಇಂಥ ಮಗು ಹುಟ್ಟಿದ್ದ ಮನೆಗಳಲ್ಲಿ ಪ್ರಮಾಣವು ಹೆಚ್ಚು ಬೇಕಾಗುವುದರಿಂದ ವೈದ್ಯರನ್ನು ಮೊದಲೇ ಕೇಳತಕ್ಕದ್ದು. ಗುಳಿಗೆಯನ್ನು ತಿಂದರೂ ಕೆಲವೊಮ್ಮೆ ದೋಷವು ತಪ್ಪದು. ಆದಕಾರಣ ಮೆಟ್ಟುಕತ್ತಿಯ ಸ್ಥಾನದಲ್ಲಿ ಗುಳಿಗೆಯನ್ನಿಟ್ಟು ತಾಯಿಯನ್ನು ಮತ್ತೆ ದೂರಬಾರದೆಂದು ಗೃಹಸ್ಥರಲ್ಲಿ ನನ್ನ ಬಿನ್ನಹ.

ಮಗಳ ಚೀಲದಲ್ಲಿಯೂ ಅದೇ ಸಣ್ಣ ಹಳದಿ ಗುಳಿಗೆಗಳಿದ್ದವು. ನನ್ನವಳು ಅವನ್ನು ಕೈಯಲ್ಲಿ ಹಿಡಿದು, “ನಿನ್ನನ್ನು ಹೆರುವ ಮೊದಲು ಡಾಕ್ಟರು ನನಗೂ ಇದನ್ನೇ ಕೊಟ್ಟಿದ್ದರು. ಯಾಕೆಂದು ನಾನು ಕೇಳಲಿಲ್ಲ” ಎಂದಳು. ಆಗ ನಾನು ಲೆಕ್ಕವನ್ನು ಅವಳ ಮುಂದಿಟ್ಟು, ಅಂದು ಆಡಿದ ಮಾತು ತಪ್ಪೆಂದು ಹೇಳಿದೆನು. ಅವಳು ಬೆರಳು ಮಡಚಿ ತಿಂಗಳುಗಳನ್ನು ಎರಡು ಸಲ ಎಣಿಸಿದಳು. “ಲೆಕ್ಕ ಸರಿಯಿದೆ. ನೀವು ಅದನ್ನು ಆಗ ಮಾಡಬಹುದಿತ್ತು” ಎಂದಷ್ಟೇ ಹೇಳಿ ದನಕ್ಕೆ ಹುಲ್ಲು ಹಾಕಲು ಎದ್ದುಹೋದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ. ಮಗಳು ಆಗ ಗರ್ಭಿಣಿ. ಬೆಂಗಳೂರಿನಿಂದ ಫೋನು ಮಾಡಿ, “ಅಮ್ಮಾ, ಇವತ್ತು ಏನು ಮಾಡಲಿ?” ಎಂದು ಕೇಳಿದಳು. ತಾನು ಎಂದಿನಂತೆ ಉಪವಾಸವಿದ್ದ ನನ್ನವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಹಸಿವಾದರೆ ಉಣ್ಣು, ಮಗಳೇ. ಬೇಕಾದುದನ್ನು ಹೆಚ್ಚಿಕೋ.”